ಬಕಾಸುರನ ಬಂಡಿಯೂ ದೊಡ್ಡಣ್ಣನ ಕಣ್ಣೂ

ಅಧಿಕಾರವುಳ್ಳವರು ಭಯವನ್ನೇ ಆಯುಧವಾಗಿ ಹಿಡಿದು ಜನರನ್ನು ಆಳುವ ಬಗೆಯನ್ನು ಚರಿತ್ರೆಯ ಗ್ರಂಥಗಳಿಗಿಂತಲೂ ಕಲ್ಪನೆಯ ಕಥೆಗಳು ಸ್ಪಷ್ಟವಾಗಿ ತೋರಿಸಿಕೊಡುತ್ತವೆ. ಇಂಥ ಕಥೆಗಳು ಇಂಗ್ಲಿಷ್ ಬಲ್ಲವರ ಸೊತ್ತೆಂದು ನಮ್ಮಲ್ಲಿ ಹಲವರ ಭಾವನೆ. ಆದರೆ ಊರ ಗದ್ದೆಯಲ್ಲಿ ಬೆಳಗಿನವರೆಗೂ ಕುಳಿತು ಯಕ್ಷಗಾನದ ಬಕಾಸುರನನ್ನು ಕಂಡ ನಮ್ಮ ಹೋಟೆಲಿನ ಮಾಣಿಗಳಿಗೆ ಈ ವಿಷಯ ಹೊಸದೇನೂ ಅಲ್ಲ.

ಆಟದಲ್ಲಿ ನಮ್ಮ ದೃಷ್ಟಿಯೆಲ್ಲ ಬಂಡಿಯ ಅನ್ನವನ್ನು ಬಾಚಿ ಉಣ್ಣುವ ಭೀಮನ ಮೇಲೆಯೇ. ವ್ಯಾಸಭಾರತದ ಆದಿಪರ್ವವನ್ನು ನಿಧಾನವಾಗಿ ಓದಿದಾಗ ಏಕಚಕ್ರಪುರದ ಆಡಳಿತದ ಗುಟ್ಟು ತಿಳಿಯುತ್ತದೆ. ಆ ಸೀಮೆಯ ಅರಸನು ಕೈಲಾಗದವನು. ಪರಶತ್ರುಗಳಿಂದ ಊರನ್ನು ಕಾಯುವವನು ರಾಕ್ಷಸನೇ! ಆ ಕಾವಲಿಗೆ ಅವನ ವೇತನವೆಂದರೆ ಒಂದು ಬಂಡಿ ಅನ್ನ, ಎರಡು ಕೋಣ ಮತ್ತು ಅವನ್ನು ಒಯ್ಯುವ ಒಬ್ಬ ಮನುಷ್ಯ. ಒಂದೊಂದು ಮನೆಗೆ ಸರದಿ ಬರುವುದು ಬಹುವರ್ಷಗಳಿಗೊಮ್ಮೆ. ತಪ್ಪಿಸಿಕೊಳ್ಳಲು ಯತ್ನಿಸಿದವನಿಗೆ ಹೆಂಡಿರು ಮಕ್ಕಳೊಡನೆ ಮರಣ.

ಬಕನು ಮನೆಮನೆಯ ಬಾಗಿಲಿಗೆ ಬರಬೇಕಾಗಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅನ್ನ ಬೇಯಿಸಿದವರು, ಬಂಡಿ ಹೂಡಿದವರು, ಸರದಿ ಎಣಿಸಿದವರು ಎಲ್ಲರೂ ಊರವರೇ. “ಇಂದು ನಮ್ಮ ಮನೆಯಲ್ಲ” ಎಂಬ ಸಮಾಧಾನವೇ ಅವನ ಸೈನ್ಯವಾಗಿತ್ತು.

ಇದೇ ಗುಟ್ಟನ್ನು ನಮ್ಮ ಕಾಲಕ್ಕೆ ಒಪ್ಪುವಂತೆ ಬರೆದವರು ಜಾರ್ಜ್ ಆರ್ವೆಲ್. 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಇವರು 1922ರಿಂದ 1927ರವರೆಗೆ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು, ದಬ್ಬಾಳಿಕೆಯನ್ನು ಒಳಗಿನಿಂದಲೇ ಕಂಡವರು. 1949ರಲ್ಲಿ ಪ್ರಕಟವಾದ ಇವರ ‘ನೈಂಟೀನ್ ಎಯ್ಟಿಫೋರ್’ ಕಾದಂಬರಿಯಲ್ಲಿ ರಾಕ್ಷಸನ ಸ್ಥಾನದಲ್ಲಿರುವುದು ‘ದೊಡ್ಡಣ್ಣ’ನ ಭಾವಚಿತ್ರ. ಮನೆಯ ಗೋಡೆಯಲ್ಲಿಯೇ ನೋಡುವ, ಕೇಳುವ ಪರದೆ. ಯಾವ ಗಳಿಗೆಯಲ್ಲಿ ನೋಡುತ್ತಾರೆಂದು ತಿಳಿಯದಾದ್ದರಿಂದ ಎಲ್ಲ ಗಳಿಗೆಯಲ್ಲಿಯೂ ನೋಡುತ್ತಿದ್ದಾರೆಂದೇ ಬಾಳಬೇಕು. ಕಥಾನಾಯಕ ವಿನ್‌ಸ್ಟನ್, ಹಳೆಯ ಪತ್ರಿಕೆಗಳ ಸುದ್ದಿಯನ್ನು ಸರ್ಕಾರದ ಇಷ್ಟದಂತೆ ತಿದ್ದುವ ಒಬ್ಬ ನೌಕರ. ಎಷ್ಟು ಹಿಂಸೆಯಾದರೂ ತನ್ನ ಪ್ರೇಯಸಿಗೆ ಎರಡು ಬಗೆಯದವನು, 101ನೆಯ ಕೋಣೆಯಲ್ಲಿ ಹಸಿದ ಇಲಿಗಳ ಪಂಜರವನ್ನು ಮುಖದೆದುರಿಗೆ ತಂದಾಗ, ಈ ಶಿಕ್ಷೆ ಅವಳಿಗಾಗಲಿ, ತನಗೆ ಬೇಡವೆಂದು ಕಿರಿಚುತ್ತಾನೆ. ಅಲ್ಲಿಗೆ ಭಯದ ಕೆಲಸ ಪೂರೈಸಿತು. ಏಕಚಕ್ರಪುರದ ಸರದಿಯ ಲೆಕ್ಕವೂ ಇದೇ ಅಲ್ಲವೆ?

ಆದರೆ ನಮ್ಮ ಭಾರತಕಥೆ ಇಲ್ಲಿಂದ ಮುಂದೆ ಬೇರೆ ದಾರಿ ಹಿಡಿಯುತ್ತದೆ. ಸರದಿ ಬಂದ ಬ್ರಾಹ್ಮಣನ ಮನೆಯಲ್ಲಿ ಯಜಮಾನನು ತಾನು ಹೋಗುವೆನೆಂದರೆ ಹೆಂಡತಿ ತಾನೆನ್ನುತ್ತಾಳೆ, ಮಗಳು ತಾನೆನ್ನುತ್ತಾಳೆ. ಎಳೆಯ ಮಗನು ಹುಲ್ಲುಕಡ್ಡಿಯೊಂದನ್ನು ಹಿಡಿದು, ಇದರಿಂದಲೇ ರಾಕ್ಷಸನನ್ನು ಕೊಲ್ಲುವೆನೆಂದು ತೊದಲುತ್ತಾನೆ. ಇದನ್ನು ಕೇಳಿದ ಕುಂತಿ ತನ್ನ ಮಗನನ್ನೇ ಕಳುಹಿಸುವೆನೆನ್ನುತ್ತಾಳೆ. ಬಕನು ಸತ್ತದ್ದು ಭೀಮನ ಕೈಯಲ್ಲಿ. ಭಯ ಸತ್ತದ್ದು ಅದಕ್ಕೆ ಮುಂಚೆ, ಆ ಮನೆಯೊಳಗೆ. ಹೆಣವನ್ನು ಕಂಡ ಊರವರು, ಸರದಿ ಯಾರದಾಗಿತ್ತೆಂದು ಲೆಕ್ಕಹಾಕಿದರು!

ಪೆರುಂಗುಡಿಯ ಕಛೇರಿಗಳಲ್ಲಿಯೂ ಹೋಟೆಲುಗಳಲ್ಲಿಯೂ ಈಗ ಗೋಡೆಗೆ ಕ್ಯಾಮರಾ ಬಂದಿದೆ. ಕಳವು ತಪ್ಪುವುದಾದರೆ ಒಳ್ಳೆಯದೇ. ಗಲ್ಲಾದಲ್ಲಿ ಕುಳಿತವರ ಕಷ್ಟವನ್ನು ನಾವು ಬಲ್ಲೆವು. ಆದರೆ ಹೆದರಿಸಿ ಮಾಡಿಸಿದ ಕೆಲಸ ಧಣಿಯ ಕಣ್ಣು ಅತ್ತ ತಿರುಗಿದೊಡನೆ ನಿಲ್ಲುತ್ತದೆಂಬುದನ್ನೂ ಬಲ್ಲೆವು. ಹೆದರುವವರ ಮೇಲೆ ಹಾವೆಸೆಯುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಲೋಟ ಒಡೆದ ಕ್ಲೀನರನ ಸಂಬಳ ಹಿಡಿದಾಗ ಸಪ್ಲೈಯರನು “ಸದ್ಯ, ನಾನಲ್ಲ” ಎಂದುಕೊಂಡರೆ, ಪಕ್ಕದ ಮೇಜಿನವನನ್ನು ಕೆಲಸದಿಂದ ತೆಗೆದಾಗ ಗುಮಾಸ್ತನು ತಲೆ ತಗ್ಗಿಸಿದರೆ, ಅವರೂ ಬಂಡಿ ಹೂಡಿದವರೇ. “ಧಣಿಗಳೇ, ಅವನ ಸಂಬಳ ಹಿಡಿಯಬೇಡಿ” ಎಂದು ಇಬ್ಬರು ಅವನ ಪಕ್ಕದಲ್ಲಿ ನಿಂತು ಹೇಳುವುದಕ್ಕೆ ಭೀಮನ ಬಲ ಬೇಕಾಗಿಲ್ಲ. ಆ ಮಗುವಿನ ಹುಲ್ಲುಕಡ್ಡಿ ಸಾಕು.