ಕೊಯ್ಯುವುದಲ್ಲ, ಒಣಗಿಸುವುದು: ಡಯಾಟಮ್ ಪುಡಿಯ ನಿಜ

ಟೆರೇಸ್ ತೋಟದವರು 'ಡಿಇ' ಎಂದೇ ಕರೆಯುವ ಡಯಾಟಮೇಶಿಯಸ್ ಅರ್ತ್ ಗಾಜಿನ ಚೂರುಗಳ ಹಾಗೆ ಹುಳುವಿನ ಮೈ ಕೊಯ್ದು ಕೊಲ್ಲುತ್ತದೆ ಎಂಬುದು ಜನಪ್ರಿಯ ನಂಬಿಕೆ. ಕೇಳಲು ರೋಚಕವಾಗಿದೆ. ಆದರೆ ಗೀರುವುದು ಅದರ ಚಿಕ್ಕ ಕೆಲಸ, ಹೀರುವುದೇ ದೊಡ್ಡದು.

ಡಯಾಟಮ್ ಎಂಬುದು ಏಕಕೋಶದ ಪಾಚಿ. ಅದರ ಸಿಲಿಕಾ ಕವಚದ ತುಂಬ ಅತಿಸೂಕ್ಷ್ಮ ರಂಧ್ರಗಳು. ಸರೋವರ, ಸಮುದ್ರಗಳ ತಳದಲ್ಲಿ ಲಕ್ಷಾಂತರ ವರ್ಷ ಶೇಖರವಾದ ಈ ಕವಚಗಳನ್ನು ಅಗೆದು ತೆಗೆದು ಪುಡಿ ಮಾಡುತ್ತಾರೆ. 1867ರಲ್ಲಿ ಆಲ್ಫ್ರೆಡ್ ನೊಬೆಲ್ ಪೇಟೆಂಟ್ ಪಡೆದ ಡೈನಮೈಟ್‌ನಲ್ಲಿ ನೈಟ್ರೋಗ್ಲಿಸರಿನ್ ಹೀರಿಕೊಂಡದ್ದು ಈ ಮಣ್ಣೇ. ಕೀಟದ ಮೈಮೇಲಿನ ಮೇಣದಂಥ ಪದರವನ್ನೂ ಅದು ಹಾಗೆಯೇ ಹೀರುತ್ತದೆ. ಮೇಣ ಹೋದರೆ ಒಡಲ ನೀರು ಆವಿಯಾಗಿ ಜೀವ ಹೋಗುತ್ತದೆ. ಇದಕ್ಕೆ ದಿನಗಳೇ ಬೇಕು. ಸಂಜೆ ಎರಚಿ ಬೆಳಿಗ್ಗೆ ಸತ್ತ ತಿಗಣೆ ಎಣಿಸಲು ಹೊರಟರೆ ನಿರಾಸೆ ಖಚಿತ. ನಮ್ಮಲ್ಲಿ ಬೂದಿ ಬೆರೆಸಿ ಬಿತ್ತನೆ ಕಾಳು ಕಾಪಿಡುತ್ತಿದ್ದುದರ ಹಿಂದೆಯೂ ಇಂಥದೇ ಒಣಗಿಸುವ ಗುಣವಿದೆ.

ಇಷ್ಟು ತಿಳಿದರೆ ಉಳಿದ ಕಲ್ಪನೆಗಳು ತಾವೇ ಸಡಿಲವಾಗುತ್ತವೆ. ನೀರಿಗೆ ಕಲಸಿ ಸಿಂಪಡಿಸಬಹುದು, ಆದರೆ ಒಣಗುವವರೆಗೆ ಪುಡಿಗೆ ಬಲವಿಲ್ಲ. ಜಡಿಮಳೆಯ ಮಲೆನಾಡಿನ ಅಂಗಳದಲ್ಲಿ ಅದು ಬರೀ ಕೆಸರು. ಕುಡಿದರೆ ಜಂತುಹುಳ ಹೋಗುತ್ತದೆ ಎನ್ನುವವರಿದ್ದಾರಲ್ಲ, ಅವರನ್ನೊಮ್ಮೆ ಕೇಳಬೇಕು: ಸದಾ ಒದ್ದೆಯಾಗಿರುವ ಕರುಳಿನಲ್ಲಿ ಯಾವುದನ್ನು ಒಣಗಿಸುವುದು? ಅದಕ್ಕೆ ನಂಬುವಂಥ ಪುರಾವೆಯಿಲ್ಲ. ಶಾಲೆಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆ ಇರುವಾಗ ಮಣ್ಣು ಕುಡಿಯುವ ಅಗತ್ಯವೂ ಇಲ್ಲ.

ನನಗೆ ನಿಜಕ್ಕೂ ಆತಂಕ ಹುಟ್ಟಿಸುವುದು 'ಫುಡ್ ಗ್ರೇಡ್' ಎಂಬ ಚೀಟಿ. ಅದು ಹೊಟ್ಟೆಯ ಮಾತು, ಶ್ವಾಸಕೋಶದ್ದಲ್ಲ. ಯಾವ ದರ್ಜೆಯದಾದರೂ ಈ ನುಣುಪು ಧೂಳು ಕಣ್ಣು, ಮೂಗು, ಗಂಟಲನ್ನು ಕೆರಳಿಸುತ್ತದೆ. ಆಸ್ತಮಾ ಇದ್ದವರಿಗೆ ಇನ್ನೂ ಕಷ್ಟ. ಈಜುಕೊಳದ ಫಿಲ್ಟರ್‌ಗೆ ಮಾರುವ ಪುಡಿಯ ಕಥೆಯೇ ಬೇರೆ. ಅದನ್ನು ಹೆಚ್ಚು ಉಷ್ಣತೆಯಲ್ಲಿ ಸುಟ್ಟಿರುತ್ತಾರೆ. ಆಗ ಸಿಲಿಕಾದ ಬಹುಪಾಲು ಕ್ರಿಸ್ಟೊಬಲೈಟ್ ಎಂಬ ಹರಳಿನ ರೂಪಕ್ಕೆ ತಿರುಗಬಹುದು. ಹರಳು ಸಿಲಿಕಾದ ಧೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಸಿಲಿಕೋಸಿಸ್, ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ಮನೆಯೊಳಗೆ ತರಬೇಡಿ. ಕೀಟಗಳಿಗೆಂದೇ ಚೀಟಿಯಲ್ಲಿ ಬರೆದಿರುವುದನ್ನೇ ಕೊಳ್ಳಿ.

ರಾಶಿ ಸುರಿಯುವುದೂ ದಂಡ. ದಪ್ಪ ಗುಡ್ಡೆಯನ್ನು ಇರುವೆ, ಜಿರಳೆಗಳು ಸುತ್ತಿ ದಾಟುತ್ತವೆ. ಮುಖಕ್ಕೆ ಪೌಡರ್ ಹಚ್ಚಿದಷ್ಟು ತೆಳುವಾಗಿ, ಗೋಡೆಯ ಬಿರುಕಿಗೆ, ಮಂಚದ ಸಂದಿಗೆ ಹಾಕಿದರೆ ಸಾಕು. ಹಾಸಿಗೆಯ ಮೇಲೆ ಬೇಡ. ಫ್ಯಾನ್ ಆರಿಸಿ, ಮಾಸ್ಕ್ ತೊಟ್ಟು, ಮಕ್ಕಳನ್ನು ಹೊರಗೆ ಕಳಿಸಿ ಹಾಕಿ. ಚೆಲ್ಲಿದ್ದನ್ನು ಪೊರಕೆಯಿಂದ ಎಬ್ಬಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ತೋಟದಲ್ಲಾದರೆ ಹೂವಿಗೆ ಮಾತ್ರ ಎರಚಬೇಡಿ: ಬೇಡದ ಹುಳು ಯಾವುದು, ಜೇನುನೊಣ ಯಾವುದು ಎಂದು ಈ ಪುಡಿಗೆ ಗೊತ್ತಿಲ್ಲ.