ಒರೆಗಲ್ಲಿನ ಮೇಲೊಂದು ಹನಿ

ಮತ ಹಾಕಿ ಬಂದ ದಿನ ನಮ್ಮ ವಿದ್ಯಾರಣ್ಯಪುರಂ ಬೀದಿಯ ಮಕ್ಕಳು ನನ್ನ ಎಡಗೈ ತೋರುಬೆರಳು ಹಿಡಿದು ಕೇಳುವುದು ಒಂದೇ ಪ್ರಶ್ನೆ: “ತಾತ, ಈ ಮಸಿ ಸೋಪಿಗೂ ಯಾಕೆ ಹೋಗಲ್ಲ?”

ಉತ್ತರ ನಮ್ಮ ಊರಿನಲ್ಲೇ ಇದೆ. ಬನ್ನಿಮಂಟಪದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು. 1962ರ ಮಹಾ ಚುನಾವಣೆಯಿಂದ ದೇಶಕ್ಕೆ ಅಳಿಸಲಾಗದ ಶಾಯಿ ಒದಗಿಸುತ್ತಿದೆ. ಆ ಶಾಯಿಯ ಜೀವಾಳ ಸಿಲ್ವರ್ ನೈಟ್ರೇಟ್. ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರೆ ಸಿಗುವ ಲವಣ ಅದು. ಚರ್ಮದ ಉಪ್ಪಿನೊಡನೆ ಸೇರಿ, ಬೆಳಕು ಬಿದ್ದಾಗ ಕಪ್ಪಾಗುತ್ತದೆ. ಚರ್ಮ ಸವೆದು, ಉಗುರು ಬೆಳೆದೇ ಅದು ಹೋಗಬೇಕು.

ಬೆಳ್ಳಿಯನ್ನು ಕರಗಿಸಲು ನೈಟ್ರಿಕ್ ಆಮ್ಲವೇ ಏಕೆ? ನೀರು ಬೆರೆಸಿದ, ಅಂದರೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸತುವಿನ ಚೂರು ಹಾಕಿದರೆ ಬುಸಬುಸನೆ ಜಲಜನಕದ ಗುಳ್ಳೆ ಏಳುತ್ತವೆ. ಕಬ್ಬಿಣವಾದರೆ ನಿಧಾನ. ತಾಮ್ರ, ಬೆಳ್ಳಿ ಹಾಕಿದರೆ ಗುಳ್ಳೆಯೇ ಇಲ್ಲ. ಆದರೆ ನೈಟ್ರಿಕ್ ಆಮ್ಲಕ್ಕೆ ಅವೂ ಮಣಿಯುತ್ತವೆ. ಗಾಢ ನೈಟ್ರಿಕ್ ಆಮ್ಲದಲ್ಲಿ ತಾಮ್ರ ಬಿದ್ದರೆ ಕಂದು ಬಣ್ಣದ ವಿಷಾನಿಲ ಏಳುತ್ತದೆ, ದ್ರವ ಹಸಿರಾಗುತ್ತದೆ.

ಚಿನ್ನ ಮಾತ್ರ ಇದಕ್ಕೂ ಜಗ್ಗುವುದಿಲ್ಲ. ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಗಾಢ ಆಮ್ಲಗಳು ಸೇರಿದ ‘ಅಕ್ವಾ ರೀಜಿಯಾ’ದಲ್ಲಿ ಕರಗುತ್ತದೆ. ಈ ಗುಣವೇ ಅಕ್ಕಸಾಲಿಗನ ಒರೆಗಲ್ಲಿನ ಗುಟ್ಟು. ಕಲ್ಲಿಗೆ ಒಡವೆ ಉಜ್ಜಿ, ಗೆರೆಯ ಮೇಲೆ ಆಮ್ಲದ ಹನಿ ಇಟ್ಟರೆ ಹಿತ್ತಾಳೆಯ ಗೆರೆ ಮಾಯ, ಚಿನ್ನದ ಗೆರೆ ಭದ್ರ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಮಗನ ಫೀಸಿಗೆಂದು ಒಬ್ಬ ತಾಯಿ ಸರ ಗಿರವಿ ಇಡಲು ಬಂದರು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ‘ಕಷ್ಟ’ ಹೇಳಿಕೊಂಡು ಅಗ್ಗಕ್ಕೆ ಕೊಟ್ಟದ್ದಂತೆ. ಮೊದಲ ಗೆರೆ ಉಳಿಯಿತು. ಅನುಮಾನ ಬಂದ ಪರೀಕ್ಷಕರು ಕೊಂಡಿಯನ್ನು ಸ್ವಲ್ಪ ಅರದಿಂದ ಉಜ್ಜಿ ಮತ್ತೆ ಒರೆ ಹಚ್ಚಿದರು. ಹನಿ ಹಸಿರಾಗಿ ಗೆರೆ ಅಳಿಸಿಹೋಯಿತು. ಮೇಲೆ ಚಿನ್ನದ ಲೇಪ, ಒಳಗೆ ಹಿತ್ತಾಳೆ! ಆಕೆ ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ ಕಿವಿಯ ಓಲೆ ಬಿಚ್ಚಿ ಕೊಟ್ಟರು. ಅದರ ಗೆರೆ ನಿಂತಿತು, ಫೀಸೂ ಆಯಿತು.

ಆಮ್ಲ ಗಾಢವಾದಷ್ಟೂ ಲೋಹವನ್ನು ಬೇಗ ತಿನ್ನುತ್ತದೆ ಎನ್ನಬೇಡಿ. ಗಾಢ ನೈಟ್ರಿಕ್ ಆಮ್ಲದಲ್ಲಿ ಅಲ್ಯೂಮಿನಿಯಂ, ಕಬ್ಬಿಣಗಳ ಮೇಲೆ ತೆಳುವಾದ ಆಕ್ಸೈಡ್ ಪೊರೆ ಕಟ್ಟಿ ಅವನ್ನು ಕಾಯುತ್ತದೆ. ಗಾಢ ಸಲ್ಫ್ಯೂರಿಕ್ ಆಮ್ಲವನ್ನು ಉಕ್ಕಿನ ತೊಟ್ಟಿಯಲ್ಲೇ ಇಡುತ್ತಾರೆ. ಅದಕ್ಕೆ ನೀರು ಬೆರೆತರೆ ಉಕ್ಕನ್ನು ಕೊರೆಯುತ್ತದೆ.

ಅಡುಗೆಮನೆಯಲ್ಲೂ ಇದೇ ಪಾಠ. ಹುಣಸೆಹಣ್ಣಿನ ಹುಳಿ ತಾಮ್ರದ ಚೊಂಬಿನ ಕಪ್ಪನ್ನು ಕರಗಿಸಿ ಹೊಳಪು ಕೊಡುತ್ತದೆ. ಅದೇ ಹುಳಿ ಸಾರು ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ನಿಂತರೆ ಗಾಳಿಯ ಆಮ್ಲಜನಕದ ನೆರವಿನಿಂದ ತಾಮ್ರ ಸಾರಿಗಿಳಿಯುತ್ತದೆ, ಕಿಲುಬು ಏಳುತ್ತದೆ. ತವರದ ಕಲಾಯಿ ಅದನ್ನು ತಡೆಯುವ ಗೋಡೆ.

ಮಕ್ಕಳೇ, ಪರೀಕ್ಷೆ ಮಾಡುವ ಆಸೆಯಾದರೆ ಹುಣಸೆಹಣ್ಣು, ತಾಮ್ರದ ಚೊಂಬು ಸಾಕು. ಬಚ್ಚಲು ತೊಳೆಯುವ ಆ್ಯಸಿಡ್ ಮುಟ್ಟಬೇಡಿ. ದೊಡ್ಡವರೂ ಅದನ್ನು ಬ್ಲೀಚಿಂಗ್ ಪೌಡರಿನೊಡನೆ ಬೆರೆಸಬಾರದು, ಕ್ಲೋರಿನ್ ವಿಷಾನಿಲ ಹೊರಡುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಮೇಷ್ಟರು ಹೇಳುವ ಮಾತು ಮರೆಯಬೇಡಿ: ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ.