ನೋವಿನ ಮೂಲವನ್ನು ಅರಸುವ ಬೆರಳು

ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಚಿಂತಾಕಿಯ ಸುತ್ತಣ ಹೊಲಗಳಲ್ಲಿ ತೊಗರಿಯ ಕೊಯ್ಲು ನಡೆಯುವಾಗ ಕೂಲಿಯವರು ದಿನವೆಲ್ಲ ಬಾಗಿ ಕುಡುಗೋಲು ಆಡಿಸುತ್ತಾರೆ. ಸಂಜೆಗೆ ತೋಳು ಸೆಳೆಯುತ್ತದೆ. ಕೆಲವರಿಗೆ ತಲೆಯೂ ಸಿಡಿಯುತ್ತದೆ. ತೋಳು ನೊಂದರೆ ತೋಳನ್ನೇ ತಿಕ್ಕುವುದು, ತಲೆ ನೊಂದರೆ ಹಣೆಗೆ ಮುಲಾಮು ಹಚ್ಚುವುದು ನಮ್ಮೆಲ್ಲರ ರೂಢಿ. ಆದರೆ ನೋವು ಕಾಣಿಸಿಕೊಂಡ ಸ್ಥಳದಲ್ಲಿಯೇ ಅದು ಹುಟ್ಟಿರಬೇಕೆಂಬ ನಿಯಮವೇನೂ ಇಲ್ಲ.

1938ರಲ್ಲಿ ಲಂಡನ್ನಿನಲ್ಲಿ ಕೆಲ್‌ಗ್ರೆನ್ ಎಂಬ ವೈದ್ಯರು ಸ್ವಯಂಸೇವಕರ ಸ್ನಾಯುಗಳಿಗೆ ಉಪ್ಪಿನ ದ್ರಾವಣವನ್ನು ಚುಚ್ಚಿ ಪರೀಕ್ಷಿಸಿದರು. ಚುಚ್ಚಿದ್ದು ಒಂದೆಡೆಯಾದರೆ ನೋವು ಅನೇಕ ವೇಳೆ ಬೇರೊಂದೆಡೆ ತಲೆದೋರಿತು. ಅಮೆರಿಕದ ವೈದ್ಯೆ ಜ್ಯಾನೆಟ್ ಟ್ರಾವೆಲ್ ಈ ವಿಷಯವನ್ನು ದಶಕಗಳ ಕಾಲ ಅಭ್ಯಸಿಸಿದರು. ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದವರೂ ಇವರೇ. ಯಾವ ಸ್ನಾಯುವಿನ ನೋವು ಎಲ್ಲಿಗೆ ಹರಿಯುತ್ತದೆಂಬುದನ್ನು ಚಿತ್ರಗಳೊಡನೆ ತೋರಿಸುವ ಕೈಪಿಡಿಯನ್ನು ಅವರು ಡೇವಿಡ್ ಸೈಮನ್ಸ್ ಅವರೊಡಗೂಡಿ ರಚಿಸಿದರು. ಅದರ ಮೊದಲ ಸಂಪುಟ 1983ರಲ್ಲಿ ಪ್ರಕಟವಾಯಿತು.

ಅತಿಯಾಗಿ ದುಡಿದ, ಇಲ್ಲವೆ ಬಹಳ ಹೊತ್ತು ಒಂದೇ ಭಂಗಿಯಲ್ಲಿದ್ದ ಸ್ನಾಯುವಿನಲ್ಲಿ ಹುರಿಯಂತೆ ಬಿಗಿದ ಎಳೆಯೊಂದು ಕೈಗೆ ಸಿಗುವುದುಂಟು. ಅದರಲ್ಲಿ ಮುಟ್ಟಿದರೆ ಬಹಳ ನೋಯುವ ಚುಕ್ಕೆಗೆ ಟ್ರಿಗರ್ ಪಾಯಿಂಟ್ ಎಂದು ಹೆಸರು. ಟ್ರಿಗರ್ ಎಂದರೆ ಬಂದೂಕಿನ ಕುದುರೆ. ಕುದುರೆಯನ್ನು ಎಳೆಯುವುದು ಇಲ್ಲಿ, ಗುಂಡು ತಗಲುವುದು ದೂರದಲ್ಲಿ. ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಕತ್ತಿನಿಂದ ಹೆಗಲಿಗೆ ಇಳಿಯುವ ಸ್ನಾಯುವಿನ ಗಂಟು ಕಣತಲೆಯನ್ನು ನೋಯಿಸಬಲ್ಲದು. ಹೆಗಲ ಹಿಂಬದಿಯ ಚಪ್ಪಟೆ ಎಲುಬಿನ ಮೇಲಿನ ಗಂಟು ಭುಜದ ಮುಂಭಾಗವನ್ನೂ ತೋಳನ್ನೂ ನೋಯಿಸಬಲ್ಲದು.

ಈ ಚಿಕಿತ್ಸೆಯನ್ನು ಕಲಿಯುವವರು ಸ್ನಾಯುಗಳು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತವೆಂಬುದನ್ನು ಮೊದಲು ಅರಿಯಬೇಕು. ಬಳಿಕ ಬೆರಳಿಗೆ ಪಾಠವಾಗಬೇಕು. ಎಳೆಗಳಿಗೆ ಅಡ್ಡಲಾಗಿ ಬೆರಳನ್ನು ಮೆಲ್ಲನೆ ಸರಿಸಿದರೆ ಬಿಗಿದ ಹುರಿ ತಡೆಯುತ್ತದೆ. ಅದನ್ನು ಒತ್ತಿದಾಗ ರೋಗಿಯು “ನನ್ನನ್ನು ಕಾಡುವ ನೋವು ಇದೇ” ಎಂದು ಗುರುತಿಸಬೇಕು. ಬರಿದೆ “ಅಯ್ಯೋ” ಎಂದರೆ ಸಾಲದು. ಬಲವಾಗಿ ಒತ್ತಿದರೆ ಎಲ್ಲಿಯಾದರೂ ನೋಯುತ್ತದಷ್ಟೆ! ಚುಕ್ಕೆ ಸಿಕ್ಕ ಮೇಲೆ ತಾಳಬಲ್ಲಷ್ಟು ಒತ್ತಡವನ್ನು ಸುಮಾರು ಅರ್ಧ ನಿಮಿಷ ಇರಿಸಿ, ಬಿಗಿ ಸಡಿಲಿದಂತೆ ಸ್ನಾಯುವನ್ನು ನಿಧಾನವಾಗಿ ನೀಳವಾಗಿಸುತ್ತಾರೆ.

ಈ ಗಂಟಿನ ನಿಜಸ್ವರೂಪ ಏನೆಂಬುದು ಇನ್ನೂ ತೀರ್ಮಾನವಾಗಿಲ್ಲ. ಒಬ್ಬನೇ ರೋಗಿಯನ್ನು ಪರೀಕ್ಷಿಸಿದ ನುರಿತವರು ಬೇರೆ ಬೇರೆ ಚುಕ್ಕೆಗಳನ್ನು ತೋರಿಸಿದ್ದೂ ಉಂಟು. ಮೇಲಾಗಿ, ಮರುದಿನವೂ ಅದೇ ಕುಡುಗೋಲು, ಅದೇ ಬಾಗು. ನಡುನಡುವೆ ನೆಟ್ಟಗೆ ನಿಂತು ತೋಳಿಗೆ ಬಿಡುವು ಕೊಡದಿದ್ದರೆ ನೋವು ಮರಳುವುದು ಸಹಜ.

ದೂರಕ್ಕೆ ಹರಿಯುವ ನೋವೆಲ್ಲ ಸ್ನಾಯುವಿನದೂ ಅಲ್ಲ. ಹೃದಯಕ್ಕೆ ರಕ್ತ ಸಾಲದಾದಾಗಲೂ ನೋವು ಎಡತೋಳಿಗೆ, ದವಡೆಗೆ ಹರಿಯುತ್ತದೆ. ಎದೆ ಬಿಗಿದು, ಬೆವರಿ, ಉಸಿರು ಕಟ್ಟಿದವರ ತೋಳನ್ನು ಒತ್ತುತ್ತ ಕೂಡದೆ ಅವರನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕೈಕಾಲು ಬಲಗುಂದಿದ್ದರೆ, ನೋವಿನೊಡನೆ ಜ್ವರ ಅಥವಾ ಊತವಿದ್ದರೆ ಮೊದಲು ವೈದ್ಯರು ನೋಡಬೇಕು. ಅಲ್ಲಿಯವರೆಗೆ ಬೆರಳಿಗೆ ಅಲ್ಲಿ ಕೆಲಸವಿಲ್ಲ.